ಬಲಕ್ಕೆ ಬಾಗುವ ಚೆಂಡು

ಗಾಲ್ಫಿನ ಅತಿ ಉದ್ದದ ಕೋಲಾದ ಡ್ರೈವರಿನಿಂದ ಹೊಡೆದ ಚೆಂಡು ನೆಟ್ಟಗೇ ಹೊರಡುತ್ತದೆ. ನೂರು ಗಜ ದಾಟುವವರೆಗೂ ಹೊಡೆದವನ ಮುಖದಲ್ಲಿ ನಗು ಇರುತ್ತದೆ. ಆಮೇಲೆ ಅದು ಮೆಲ್ಲಗೆ ಬಲಕ್ಕೆ ವಾಲತೊಡಗುತ್ತದೆ. ವಾಲುತ್ತ ವಾಲುತ್ತ ಪಕ್ಕದ ಮರಗಳ ಸಾಲಿನೊಳಗೆ ಹೋಗಿ ಬೀಳುತ್ತದೆ. ಎಡಗೈ ಆಟಗಾರನಾದರೆ ಎಡಕ್ಕೆ. ಗಾಲ್ಫ್ ಆಡುವವರು ಇದನ್ನು ಸ್ಲೈಸ್ ಅನ್ನುತ್ತಾರೆ. ಇದರ ಕಾಟ ಎಂಥದೆಂದರೆ, ಜೋರು ಮಾಡಿದಷ್ಟೂ ಚೆಂಡು ಹೆಚ್ಚು ಬಾಗುತ್ತದೆ. ಬಲಕ್ಕೆ ಹೋಗುತ್ತದಲ್ಲ ಎಂದು ಎಡಕ್ಕೆ ಗುರಿಯಿಟ್ಟು ನಿಂತರೆ ಇನ್ನೂ ಹೆಚ್ಚು ಬಾಗುತ್ತದೆ. ಹೊಸದಾಗಿ ಕಲಿಯುವ ಬಹುಪಾಲು ಜನರನ್ನು ಕಾಡುವ, ಕೆಲವರನ್ನು ಆಡುವಷ್ಟು ಕಾಲವೂ ಬಿಡದ ಕಿರಿಕಿರಿ ಇದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರಲ್ಲಿ ಕೆಲವರಿಗಾದರೂ ಈ ಸ್ಲೈಸಿನ ಪರಿಚಯ ಆಗಿರುತ್ತದೆ. ಆಫೀಸಿನ ಗೆಳೆಯರು ಶನಿವಾರ ಬೆಳಿಗ್ಗೆ ಗಾಲ್ಫ್ ಅಭ್ಯಾಸದ ಡ್ರೈವಿಂಗ್ ರೇಂಜಿಗೆ ಕರೆದೊಯ್ಯುತ್ತಾರೆ. ಹಸಿರು ಚಾಪೆ, ಅದರಲ್ಲಿ ಸಿಕ್ಕಿಸಿದ, ಚೆಂಡು ಕೂರಿಸುವ ರಬ್ಬರ್ ಟೀ, ಪಕ್ಕದಲ್ಲಿ ಬುಟ್ಟಿ ತುಂಬ ಚೆಂಡು, ಎದುರಿಗೆ 100, 150, 200 ಎಂದು ಬರೆದ ಹಲಗೆಗಳು. ಊರ ಬಯಲಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಸಿಕ್ಸರ್ ಎತ್ತಿದ ತೋಳುಗಳಿವು. ಇಲ್ಲಿ ಬೌಲರ್ ಇಲ್ಲ, ಚೆಂಡು ಪುಟಿಯುವುದಿಲ್ಲ, ಟೀ ಮೇಲೆ ಸುಮ್ಮನೆ ಕೂತಿದೆ. ಇದನ್ನು ಹೊಡೆಯುವುದೇನು ಮಹಾ ಅನ್ನಿಸುವುದು ಸಹಜ. ಮೊದಲ ಬೀಸಿಗೆ ಚೆಂಡು ಕೂತಲ್ಲಿಂದ ಅಲುಗುವುದಿಲ್ಲ. ಎರಡನೆಯದಕ್ಕೆ ಕ್ಲಬ್ಬು, ಅಂದರೆ ಹೊಡೆಯುವ ಕೋಲು, ಚೆಂಡಿನ ನೆತ್ತಿ ಸವರುತ್ತದೆ, ಚೆಂಡು ನೆಲದ ಮೇಲೆ ಉರುಳಿ ಹತ್ತು ಹೆಜ್ಜೆಯಾಚೆ ನಿಲ್ಲುತ್ತದೆ. ಮೂರನೆಯದು ಬಾನಿಗೇರಿ ಬಲಕ್ಕೆ ಹೋಗುತ್ತದೆ. ಆಗ ಹುಡುಗ ಅಂಗಿಯ ತೋಳು ಮಡಚಿ, ಹಲ್ಲು ಕಚ್ಚಿ, ಇದ್ದ ಬಲವೆಲ್ಲ ಹಾಕುತ್ತಾನೆ. ಅವನಿಗೆ ಅಗತ್ಯವಾದ ಪಾಠ ಅವನ ಊರಿನ ಕಣದಲ್ಲೇ ಒಮ್ಮೆ ಆಗಿಹೋಗಿದೆ. ಕೈಯಲ್ಲಿರುವುದು ಹೊಸ ಕೋಲಾದ್ದರಿಂದ ಹಳೆಯದು ನೆನಪಿಗೆ ಬರುವುದಿಲ್ಲ, ಅಷ್ಟೆ.

ಕರ್ನಾಟಕಕ್ಕೆ ಗಾಲ್ಫ್ ಬಂದು ಬಹಳ ಕಾಲವಾಯಿತು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಕೋಲಾರದ ಚಿನ್ನದ ಗಣಿಯ ಇಂಗ್ಲಿಷರು ತಮಗೊಂದು ಮೈದಾನ ಮಾಡಿಕೊಂಡಿದ್ದರು. ಮೈಸೂರಿನಲ್ಲಿ, ಚಿಕ್ಕಮಗಳೂರಿನಲ್ಲಿ, ಕೊಡಗಿನಲ್ಲಿ ಆಟ ಇದೆ. ಬೆಂಗಳೂರಿನ ದೊಮ್ಮಲೂರಿನ ಹತ್ತಿರ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವಿದೆ. ಆದರೆ ಕೊಪ್ಪಳ ಬಸ್ ನಿಲ್ದಾಣದಲ್ಲಿ ಇಳಿದು ಗಾಲ್ಫ್ ಆಡುವ ಜಾಗ ಎಲ್ಲಿದೆ ಎಂದು ಕೇಳಿದರೆ ದಾರಿ ತೋರಿಸುವವರು ಸಿಗುವುದಿಲ್ಲ. ಇಲ್ಲಿನ ನೆಲ ಬೇರೆ ಕೆಲಸಗಳಿಗೆ ಮೀಸಲು. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿಗೆ ಭತ್ತ, ಕುಷ್ಟಗಿ–ಯಲಬುರ್ಗಾ ಕಡೆ ಮಳೆ ನಂಬಿದ ಜೋಳ, ಸಜ್ಜೆ, ಶೇಂಗಾ. ನೀರು ಕುಡಿಸಿ ಹುಲ್ಲು ಬೆಳೆಸಿ ಅದರ ಮೇಲೆ ಓಡಾಡುವ ಆಟ ಈ ಕಡೆ ಯಾಕೆ ಬೇರೂರಲಿಲ್ಲ ಎಂದು ಯಾರೂ ವಿವರಿಸಬೇಕಾಗಿಲ್ಲ.

ಹುಲ್ಲು ಬೇಡದ ಆಟ ಬೇರೂರಿತ್ತು. ಚಿಣಿಫಣಿ, ಚಿಣಿಕೋಲು, ಗಿಲ್ಲಿದಾಂಡು, ಊರಿಗೊಂದು ಹೆಸರು.

ಸುಗ್ಗಿ ಮುಗಿದ ಕಣ, ಗುಡಿಯ ಮುಂದಿನ ಬಯಲು, ಶಾಲೆಯ ಹಿಂದಿನ ಬೀಡು ಜಾಗ, ಎಲ್ಲಿ ನೆಲ ಗಟ್ಟಿ ಇದೆಯೋ ಅಲ್ಲಿ ಆಟ. ಜಾಲಿಯ ಒಂದು ಕೊಂಬೆ ಕಡಿದು, ತೊಗಟೆ ಸುಲಿದು ಒಂದೂವರೆ ಎರಡು ಅಡಿಯ ಕೋಲು ಮಾಡಿಕೊಳ್ಳುವುದು. ಗೇಣಿಗಿಂತ ಚಿಕ್ಕದೊಂದು ತುಂಡನ್ನು ಎರಡೂ ತುದಿಗೆ ಪೆನ್ಸಿಲ್ಲಿನಷ್ಟು ಚೂಪು ಮಾಡಿದರೆ ಚಿಣಿ. ನೆಲದಲ್ಲಿ ತೋಡಿದ ಪುಟ್ಟ ಗುಂಡಿಯ ಮೇಲೆ ಚಿಣಿಯನ್ನು ಅಡ್ಡ ಇಟ್ಟು ಕೋಲಿನಿಂದ ಚಿಮ್ಮಿಸಿದರೆ ಆಟ ಶುರು. ಎದುರಿನವರು ಹಿಡಿದರೆ ಔಟು. ಹಿಡಿಯದಿದ್ದರೆ ನಿಜವಾದ ಹೊಡೆತದ ಸರದಿ: ನೆಲದ ಮೇಲಿರುವ ಚಿಣಿಯ ಚೂಪು ತುದಿಗೆ ಕೋಲಿನಿಂದ ಮೆಲ್ಲಗೆ ಕುಟ್ಟಬೇಕು. ಅದು ತಿರುಗುತ್ತ ಸೊಂಟದ ಎತ್ತರಕ್ಕೆ ಏಳುತ್ತದೆ. ಎದ್ದು ಇನ್ನೇನು ಇಳಿಯಬೇಕು ಅನ್ನುವ ಹೊತ್ತಿಗೆ ಕೋಲು ಬಂದು ತಾಗಬೇಕು. ಆ ಹೊತ್ತು ಸಿಕ್ಕವನ ಚಿಣಿ ಬಯಲಿನಾಚೆಯ ಬೇಲಿ ದಾಟುತ್ತದೆ. ಸಿಗದವನ ಕೋಲು ಗಾಳಿ ಸೀಳಿ ಸುಮ್ಮನಾಗುತ್ತದೆ. ದೂರ ಅಳೆಯುವುದೂ ಕೋಲಿನಿಂದಲೇ, ಗುಂಡಿಯಿಂದ ಚಿಣಿ ಬಿದ್ದಲ್ಲಿಯವರೆಗೆ ಒಂದೊಂದೇ ಕೋಲು ಮಲಗಿಸಿ ಎಣಿಸುತ್ತ.

ಈ ಆಟದಲ್ಲಿ ದಾಂಡಿಗ ಹುಡುಗನೇ ದೂರ ಹೊಡೆಯುತ್ತಾನೆ ಅನ್ನುವಂತಿರಲಿಲ್ಲ. ತೆಳ್ಳಗಿನ, ಕಡ್ಡಿ ಕಾಲಿನ ಒಬ್ಬ ಪ್ರತಿ ಓಣಿಯಲ್ಲೂ ಇರುತ್ತಿದ್ದ, ಅವನ ಚಿಣಿಯೇ ಎಲ್ಲರದಕ್ಕಿಂತ ಆಚೆ ಬೀಳುತ್ತಿತ್ತು. ಅವನು ಕೋಲನ್ನು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಚಿಣಿ ಎದ್ದಾಗ ಅವಸರ ಮಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರು ಬೇರೆ ಹುಡುಗರಿಗೆ ಕೂಗಿ ಹೇಳುತ್ತಿದ್ದದ್ದೂ ಅದನ್ನೇ: “ಲೇ ತಮ್ಮಾ, ಜೋರು ಮಾಡಬ್ಯಾಡೋ. ಅದು ಏಳೂತನಾ ತಡಿ, ಆಮ್ಯಾಲ ಬೀಸು.” ಡ್ರೈವರ್ ಕಲಿಸುವ ಕೋಚ್ ಒಬ್ಬ ಗಂಟೆಗಟ್ಟಲೆ ಹೇಳುವ ವಿಷಯ ಇದೊಂದು ಕೂಗಿನಲ್ಲಿ ಮುಕ್ಕಾಲು ಪಾಲು ಇದೆ.

ಗಾಲ್ಫಿನ ಚೀಲದಲ್ಲಿ ಹದಿನಾಲ್ಕು ಕ್ಲಬ್ಬುಗಳಿಗೆ ಅವಕಾಶ. ಹುಲ್ಲಿನ ಮೇಲಿರುವ ಚೆಂಡನ್ನು ಕಬ್ಬಿಣದ ಕ್ಲಬ್ಬುಗಳಿಂದ ಮೇಲಿನಿಂದ ಕೆಳಕ್ಕೆ, ಮೊದಲು ಚೆಂಡು ಆಮೇಲೆ ನೆಲ ಅನ್ನುವಂತೆ ಹೊಡೆಯುತ್ತಾರೆ. ಡ್ರೈವರಿನ ಕತೆಯೇ ಬೇರೆ. ಅದಕ್ಕೆಂದೇ ಚೆಂಡನ್ನು ನೆಲದಿಂದ ಎತ್ತಿ ಟೀ ಮೇಲೆ ಕೂರಿಸುತ್ತಾರೆ. ಕ್ಲಬ್ಬನ್ನು ನೆಲಕ್ಕೆ ಊರಿದಾಗ ಅದರ ನೆತ್ತಿಗಿಂತ ಅರ್ಧ ಚೆಂಡು ಮೇಲೆ ಕಾಣಬೇಕು. ಚೆಂಡು ಇರಬೇಕಾದದ್ದು ಎರಡು ಕಾಲುಗಳ ನಟ್ಟನಡುವೆ ಅಲ್ಲ, ಎಡ ಹಿಮ್ಮಡಿಯ ಒಳಬದಿಯ ನೇರಕ್ಕೆ. ಎಡ ಭುಜ ತುಸು ಮೇಲೆ, ಬಲ ಭುಜ ತುಸು ಕೆಳಗೆ. ಹೀಗೆ ನಿಂತು ಬೀಸಿದರೆ ಕ್ಲಬ್ಬು ತನ್ನ ದಾರಿಯ ಅತ್ಯಂತ ತಗ್ಗಿನ ಜಾಗವನ್ನು ದಾಟಿ, ಮೇಲೇಳತೊಡಗಿದ ಮೇಲೆ ಚೆಂಡಿಗೆ ತಾಗುತ್ತದೆ. ಗಾಳಿಯಲ್ಲಿ ನಿಂತ ವಸ್ತುವನ್ನು ಸವರಿಕೊಂಡು ಮೇಲಕ್ಕೆ ಹೋಗುವ ಹೊಡೆತ ಇದು. ಚಿಣಿಗೆ ಬೀಳುವ ಹೊಡೆತವೂ ಇದೇ ಜಾತಿಯದು.

ಕಲಿಯುವವರು ಎಡವುವುದು ಇಲ್ಲೇ. ದುಡಿದ ಮೈಗೆ ಹೊಡೆಯುವುದೆಂದರೆ ಕೆಳಕ್ಕೆ ಹೊಡೆಯುವುದು. ಕೊಡಲಿ, ಗುದ್ದಲಿ, ಸಲಿಕೆ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಸೀಳುವ ಸುತ್ತಿಗೆ, ಎಲ್ಲವೂ ಭೂಮಿಯ ಕಡೆಗೇ ಇಳಿಯುತ್ತವೆ. ಆ ಕೆಲಸಗಳಲ್ಲಿ ಬಲ ಭುಜ ಮೊದಲು ಮುಂದೆ ನುಗ್ಗುತ್ತದೆ. ಡ್ರೈವರ್ ಹಿಡಿದಾಗಲೂ ಅದೇ ಅಭ್ಯಾಸ ಕೆಲಸ ಮಾಡುತ್ತದೆ. ಭುಜ ನುಗ್ಗಿದೊಡನೆ ಕ್ಲಬ್ಬು ಹೊರಗಿನಿಂದ ಒಳಕ್ಕೆ, ಅಂದರೆ ಗುರಿಯ ಎಡಕ್ಕೆ, ಅಡ್ಡಡ್ಡ ಸವರುತ್ತದೆ. ಸ್ಲೈಸ್ ಹುಟ್ಟುವುದು ಅಲ್ಲಿ. ಇದು ಅಶಕ್ತಿಯ ಲಕ್ಷಣ ಅಲ್ಲವೇ ಅಲ್ಲ. ಶಕ್ತಿ ಇದೆ, ಅದು ತಪ್ಪು ಬಾಗಿಲಿನಿಂದ ಹೊರಬರುತ್ತಿದೆ.

ಮೇಲ್ಮುಖವಾಗಿ ಹೊಡೆಯುವುದರ ಲಾಭ ಎಷ್ಟೆಂದು ತಿಳಿಯಬೇಕಾದರೆ ಹೆಣ್ಣುಮಕ್ಕಳ ಗಾಲ್ಫ್ ನೋಡಬೇಕು. ರಡಾರ್ ಯಂತ್ರಗಳಿಂದ ಅಳೆದಾಗ, ಅಮೆರಿಕದ ಮಹಿಳಾ ವೃತ್ತಿಪರ ಪಂದ್ಯಸರಣಿಯ ಆಟಗಾರ್ತಿಯರು ಸರಾಸರಿ ಸುಮಾರು 3 ಡಿಗ್ರಿ ಮೇಲ್ಮುಖವಾಗಿ ಚೆಂಡಿಗೆ ಕ್ಲಬ್ಬು ತಾಗಿಸುವುದು ಕಂಡುಬಂದಿದೆ. ಅದೇ ಮಟ್ಟದ ಗಂಡಸರು ಸರಾಸರಿ ಸುಮಾರು ಒಂದು ಡಿಗ್ರಿ ಕೆಳಮುಖವಾಗಿ ಹೊಡೆಯುತ್ತಾರೆ. ಗಂಡಸರ ಕ್ಲಬ್ಬಿನ ವೇಗ ಗಂಟೆಗೆ ಸುಮಾರು 185 ಕಿಲೋಮೀಟರ್, ಹೆಂಗಸರದು ಸುಮಾರು 150. ವೇಗ ಕಡಿಮೆ ಇದ್ದವರು ಕೋನದಲ್ಲಿ ಗಳಿಸುತ್ತಾರೆ. ಚೆಂಡು ಎತ್ತರಕ್ಕೆ ಹೊರಟು, ಹಿಂದಕ್ಕೆ ತಿರುಗುವ ಸುತ್ತು ಕಡಿಮೆಯಾದರೆ, ಅದೇ ವೇಗಕ್ಕೆ ಹೆಚ್ಚು ದೂರ ಹೋಗುತ್ತದೆ. ವಾರಕ್ಕೊಮ್ಮೆ ಆಡುವ ಸಾಮಾನ್ಯ ಗಂಡಸಿನ ವೇಗವೂ ಆ ಹೆಂಗಸರ ವೇಗದ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಅವನು ಟಿವಿಯಲ್ಲಿ ನೋಡಿ ಕಲಿಯಬೇಕಾದದ್ದು ಬಲಾಢ್ಯ ಗಂಡಸರ ಹೊಡೆತವನ್ನಲ್ಲ, ಹೆಂಗಸರ ಹೊಡೆತವನ್ನು.

ದೂರದ ಮಾತು ಬಂದಾಗ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ನೆನಪಾಗದೆ ಇರುವುದಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಹುಡುಗಿ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಗಾಲ್ಫ್ ಮೈದಾನ ಕಾಣುತ್ತಿತ್ತು. ಅಲ್ಲಿ ಏನು ನಡೆಯುತ್ತಿದೆ ಎಂಬ ಕುತೂಹಲದಿಂದ ಆಟಕ್ಕೆ ಬಂದವಳು, 2016ರ ರಿಯೊ ಒಲಿಂಪಿಕ್ಸಿಗೆ ಹೋದಾಗ ಅವಳಿಗೆ ಹದಿನೆಂಟು. ಅಲ್ಲಿ ಚೀಲ ಹೊತ್ತವರು ಅಪ್ಪ. ಟೋಕಿಯೊ ಒಲಿಂಪಿಕ್ಸಿನಲ್ಲಿ ಚೀಲ ಹೊತ್ತವರು ಅಮ್ಮ ಮಹೇಶ್ವರಿ. ಅದಕ್ಕೆ ಎರಡು ಮೂರು ತಿಂಗಳ ಹಿಂದೆ ಅದಿತಿಗೆ ಕೋವಿಡ್ ಬಂದಿತ್ತು, ಮೈಯಲ್ಲಿ ಕಸುವು ಕುಗ್ಗಿತ್ತು. ಡ್ರೈವರಿನಿಂದ ಅವಳು ಹೊಡೆಯುತ್ತಿದ್ದ ದೂರ ಅಲ್ಲಿದ್ದವರ ಪೈಕಿ ತೀರಾ ಕಡಿಮೆಯವರ ಸಾಲಿನಲ್ಲಿತ್ತು. ಜೊತೆಗೆ ಆಡುತ್ತಿದ್ದವರ ಚೆಂಡು ಎಷ್ಟೋ ಗಜ ಮುಂದೆ ಬಿದ್ದಿರುತ್ತಿತ್ತು. ಅವಳು ಹಿಂದಿನಿಂದ ಉದ್ದದ ಕ್ಲಬ್ಬು ತೆಗೆದು ಎರಡನೆಯ ಹೊಡೆತ ಹೊಡೆಯಬೇಕಾಗುತ್ತಿತ್ತು.

2021ರ ಆಗಸ್ಟ್ 7ರ ಬೆಳಿಗ್ಗೆ ಈ ದೇಶದಲ್ಲಿ ಅದೆಷ್ಟೋ ಜನ ಮೊದಲ ಸಲ ಗಾಲ್ಫ್ ನೋಡಿದರು. ಬರ್ಡಿ ಅಂದರೇನು, ಪಾರ್ ಅಂದರೇನು ಎಂದು ಮನೆಮನೆಯಲ್ಲಿ ಫೋನ್ ತಿರುವಿ ತಿಳಿದುಕೊಂಡರು. ನಡುವೆ ಗುಡುಗು ಮಳೆಗೆ ಆಟ ನಿಂತಿತು, ಮತ್ತೆ ಶುರುವಾಯಿತು. ಕೊನೆಯ ಕುಳಿಯಲ್ಲಿ ಅವಳ ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ, ಒಳಗೆ ಬಿದ್ದಿದ್ದರೆ ಸಮಬಲ ಬಿಡಿಸುವ ಪದಕದ ಪ್ಲೇಆಫಿನಲ್ಲಿ ಅವಳಿಗೂ ಜಾಗ ಸಿಗುತ್ತಿತ್ತು. ಬೀಳಲಿಲ್ಲ. ನೆಲ್ಲಿ ಕೊರ್ಡಾ ಚಿನ್ನ ಗೆದ್ದರು, ಮೊನೆ ಇನಾಮಿ ಬೆಳ್ಳಿ, ಲಿಡಿಯಾ ಕೊ ಕಂಚು ಪಡೆದರು, ಒಂದೇ ಒಂದು ಹೊಡೆತದ ಅಂತರದಲ್ಲಿ ಅದಿತಿ ನಾಲ್ಕನೆಯವಳಾದಳು. ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಚಿನ್ನ ತಂದಿದ್ದರಿಂದ ಬೆಳಗಿನ ಸಂಕಟ ಸ್ವಲ್ಪ ಮರೆಯಾಯಿತು. ಆದರೆ ಡ್ರೈವರ್ ಹಿಡಿದು ಪರದಾಡುವ ಯಾರಿಗಾದರೂ ಆ ಬೆಳಗಿನ ಆಟದಷ್ಟು ಧೈರ್ಯ ಕೊಡುವುದು ಇನ್ನೊಂದಿಲ್ಲ. ಅವಳು ದೂರಕ್ಕಾಗಿ ಬೀಸನ್ನು ಕೆಡಿಸಿಕೊಳ್ಳಲಿಲ್ಲ.  ಉಳಿದದ್ದನ್ನು ಪಟರ್ ನೋಡಿಕೊಂಡಿತು.

ಡ್ರೈವರಿಗೆ ಇವತ್ತಿನ ರೂಪ ಬಂದದ್ದು ಈಚೆಗೆ. ಟೈಟೇನಿಯಂ ತಲೆ, ಒಳಗೆ ಟೊಳ್ಳು, ಗಾತ್ರ 460 ಘನ ಸೆಂಟಿಮೀಟರ್ ಮೀರುವಂತಿಲ್ಲ. ಉದ್ದ ಸಾಮಾನ್ಯವಾಗಿ 45 ಇಂಚು ಮತ್ತು ತುಸು. ದೊಡ್ಡ ವೃತ್ತಿಪರ ಪಂದ್ಯಗಳಲ್ಲಿ 46 ಇಂಚು ದಾಟಬಾರದೆಂಬ ಸ್ಥಳೀಯ ನಿಯಮಕ್ಕೆ 2022ರಿಂದ ಅವಕಾಶವಾಯಿತು. ಇದಕ್ಕೆ ಮೊದಲು ಬಹುಕಾಲ ಡ್ರೈವರಿನ ತಲೆ ಮರದ್ದು. ಕಬ್ಬಿಣದಷ್ಟು ಗಟ್ಟಿಯಾದ ಪರ್ಸಿಮನ್ ಮರ ಅದಕ್ಕೆ ಹೆಸರುವಾಸಿ. 1993ರಲ್ಲಿ ಅಮೆರಿಕದ ಮಾಸ್ಟರ್ಸ್ ಗೆದ್ದ ಜರ್ಮನಿಯ ಬರ್ನ್‌ಹಾರ್ಡ್ ಲಾಂಗರ್ ಕೈಯಲ್ಲಿ ಆಗಲೂ ಮರದ ಡ್ರೈವರೇ ಇತ್ತು. ಈ ಪರ್ಸಿಮನ್ ಯಾವುದೋ ದೂರದ ನೆಂಟ ಎಂದುಕೊಳ್ಳಬೇಕಾಗಿಲ್ಲ. ಬೀಡಿ ಕಟ್ಟಲು ಎಲೆ ಕೊಡುವ ತುಮರಿ ಮರವೂ ಅದೂ ಒಂದೇ ಕುಲಕ್ಕೆ ಸೇರಿದವು. ಕರಿಮರವೂ ಆ ಕುಲದ್ದೇ. ಒಂದೇ ಕುಲದ ಮರ ಒಂದು ಕಡೆ ಬಡವರ ಬೀಡಿಗೆ ಎಲೆಯಾಯಿತು, ಇನ್ನೊಂದು ಕಡೆ ಸಾಹುಕಾರರ ಆಟಕ್ಕೆ ಕೋಲಾಯಿತು.

ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಗೊಂಬೆಗೆ ಆರಿಸಿಕೊಳ್ಳುವುದು ಈ ಗಟ್ಟಿ ಮರಗಳಿಗೆ ತದ್ವಿರುದ್ಧವಾದ, ಉಗುರಿಗೆ ಸಿಗುವಷ್ಟು ಮೃದುವಾದ ಹಗುರ ಮರ. ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ, ಬಣ್ಣ ಬಳಿದು ಗರುಡನನ್ನೋ ಗೌರಿಯನ್ನೋ ಎಬ್ಬಿಸುವ ಆ ಕೈಗಳಿಗೆ ಮರದ ಯಾವ ಭಾಗದಲ್ಲಿ ಉಳಿ ಹೇಗೆ ಓಡುತ್ತದೆ ಎಂಬುದು ಗೊತ್ತು. ಹಳೆಯ ಡ್ರೈವರ್ ಮಾಡುತ್ತಿದ್ದ ಕುಶಲಿಗರೂ ಅಂಥವರೇ. ತಲೆಯ ಮುಂಬದಿಯನ್ನು ಅವರು ಸಪಾಟಾಗಿ ಬಿಡುತ್ತಿರಲಿಲ್ಲ, ತುಸು ಉಬ್ಬಿಸುತ್ತಿದ್ದರು. ತುದಿಗೆ ತಾಗಿದ ಚೆಂಡು ಮೊದಲು ಬಲಕ್ಕೆ ಹೊರಟು, ಆಮೇಲೆ ಸುತ್ತಿನ ಬಲದಿಂದ ಎಡಕ್ಕೆ ಮರಳಿ ಬರಲಿ ಎಂಬುದು ಆ ಉಬ್ಬಿನ ಲೆಕ್ಕಾಚಾರ. ಟೈಟೇನಿಯಂ ಬಂದರೂ ಆ ಉಬ್ಬು ಹಾಗೇ ಉಳಿದಿದೆ. ಮರದ ತಲೆಯಲ್ಲಿ ಸರಿಯಾದ ಜಾಗ ಬಹಳ ಚಿಕ್ಕದು, ತಪ್ಪಿದರೆ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಚಿಣಿ ಕೋಲಿನ ಹಿಡಿಯ ಹತ್ತಿರ ತಾಗಿದಾಗ ಆಗುವ ಜುಮ್ಮು ಕಂಡವರಿಗೆ ಅದು ಬಿಡಿಸಿ ಹೇಳಬೇಕಾದದ್ದಲ್ಲ.

ಇನ್ನು ಬಾಗುವ ವಿಷಯ. ಕ್ಲಬ್ಬಿಗೂ ಚೆಂಡಿಗೂ ಸಂಪರ್ಕ ಇರುವುದು ಸೆಕೆಂಡಿನ 2000ದಲ್ಲಿ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಎರಡು ಸಂಗತಿ ತೀರ್ಮಾನವಾಗುತ್ತವೆ. ಕ್ಲಬ್ಬಿನ ಮುಖ ಎತ್ತ ನೋಡುತ್ತಿತ್ತೋ ಚೆಂಡು ಬಹುಮಟ್ಟಿಗೆ ಆ ಕಡೆ ಹೊರಡುತ್ತದೆ. ಕ್ಲಬ್ಬು ಸಾಗುತ್ತಿದ್ದ ದಾರಿಗೂ ಮುಖ ನೋಡುತ್ತಿದ್ದ ದಿಕ್ಕಿಗೂ ವ್ಯತ್ಯಾಸವಿದ್ದರೆ ಚೆಂಡಿನ ಸುತ್ತು ಓರೆಯಾಗಿ ಅದು ಬಾಗುತ್ತದೆ. ದಾರಿ ಎಡಕ್ಕಿದ್ದು ಮುಖ ಗುರಿಯ ಕಡೆಗಿದ್ದರೆ ಚೆಂಡು ಗುರಿಯತ್ತ ಹೊರಟು ಬಲಕ್ಕೆ ಬಾಗುತ್ತದೆ. ಹೆದರಿ ಇನ್ನೂ ಎಡಕ್ಕೆ ಬೀಸಿದರೆ ವ್ಯತ್ಯಾಸ ಹೆಚ್ಚುತ್ತದೆ, ಬಾಗುವುದೂ ಹೆಚ್ಚುತ್ತದೆ. ಇದಕ್ಕೆ ಮದ್ದು ಮನಸ್ಸಿಗೆ ಒಗ್ಗದಂಥದ್ದು. ಬಲಕ್ಕೆ ಹೋಗುವ ಚೆಂಡನ್ನು ಸರಿಪಡಿಸಲು ಬಲಕ್ಕೇ ಬೀಸಬೇಕು. ಒಳಗಿನಿಂದ ಹೊರಕ್ಕೆ, ಬಲ ಮೊಣಕೈ ಪಕ್ಕೆಯ ಹತ್ತಿರವೇ ಇಳಿಯುವಂತೆ. ಮೊದಲ ಕೆಲವು ಹೊಡೆತಗಳು ಎಲ್ಲೆಲ್ಲಿಗೋ ಹೋಗುತ್ತವೆ. ಹೋಗಲಿ ಎಂದು ಬಿಡುವವನು ಗೆಲ್ಲುತ್ತಾನೆ.

ಎದುರುಗಾಳಿ ಇದ್ದರಂತೂ ಸ್ಲೈಸ್ ಇಮ್ಮಡಿಯಾದಂತೆ ಕಾಣುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಬಯಲಿನಲ್ಲಿ ಗಾಳಿ ಎಷ್ಟಿದೆ ಎಂದು ಅಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳೇ ಹೇಳುತ್ತವೆ. ಆ ಯಂತ್ರದ ಕೆಳಗೆ ನಿಂತು ನೋಡಿದರೆ ರೆಕ್ಕೆಗಳು ನಿಧಾನವಾಗಿ ಸುತ್ತುತ್ತಿವೆ ಅನ್ನಿಸುತ್ತದೆ. ಗುಂಬದ ಹತ್ತಿರ ನಿಧಾನವೇ ಹೌದು. ರೆಕ್ಕೆಯ ತುದಿ ಮಾತ್ರ ಅದೇ ಒಂದು ಸುತ್ತಿನಲ್ಲಿ ಎಷ್ಟೋ ಹೆಚ್ಚು ದೂರ ಓಡಬೇಕು, ಹತ್ತಿರ ಹೋದಾಗ ಕೇಳುವ ಸುಯ್‌ಸುಯ್ ಸದ್ದು ಆ ತುದಿಯದು. ಡ್ರೈವರ್ ಚೀಲದಲ್ಲಿರುವ ಅತಿ ಉದ್ದದ ಕ್ಲಬ್ಬು ಆಗಿರುವುದೂ ಇದಕ್ಕೇ. ಮೈ ತಿರುಗುವ ವೇಗ ಅಷ್ಟೇ ಇದ್ದರೂ ತುದಿ ಹೆಚ್ಚು ಓಡುತ್ತದೆ. ಉದ್ದ ತಾನೇ ಮಾಡಿಕೊಡುವ ಕೆಲಸವನ್ನು ತೋಳು ತಾನೂ ಮಾಡಲು ಹೊರಟರೆ ಎರಡೂ ಕೆಡುತ್ತವೆ.

ಬ್ರಿಟನ್ನಿನಲ್ಲಿ ಅಲಸ್ಟೇರ್ ಕೋಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಗಾಲ್ಫ್ ಬೀಸಿನ ಬಗ್ಗೆ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ವಿಷಯದ ಬುನಾದಿ. ತೋಳು ಒಂದು ಲೋಲಕ, ಮಣಿಕಟ್ಟಿನಿಂದ ತೂಗುವ ಕ್ಲಬ್ಬು ಇನ್ನೊಂದು ಲೋಲಕ ಎಂದು ಅವರು ಲೆಕ್ಕ ಹಾಕಿದರು. ಮೊದಲನೆಯದು ವೇಗ ಪಡೆದು, ತಾನು ನಿಧಾನವಾಗುತ್ತ ಆ ವೇಗವನ್ನು ಎರಡನೆಯದಕ್ಕೆ ದಾಟಿಸುತ್ತದೆ. ಸೊಂಟ, ಎದೆ, ತೋಳು, ಮಣಿಕಟ್ಟು, ಕ್ಲಬ್ಬು, ಈ ಸರದಿ ತಪ್ಪಬಾರದು. ಮಣಿಕಟ್ಟು ಅವಸರಪಟ್ಟು ಮೊದಲೇ ಬಿಚ್ಚಿಕೊಂಡರೆ ವೇಗವೆಲ್ಲ ಚೆಂಡು ಸಿಗುವ ಮೊದಲೇ ಖರ್ಚಾಗುತ್ತದೆ. ಕ್ಲಬ್ಬು ಮೇಲಕ್ಕೆ ಹೋಗಲು ಮುಕ್ಕಾಲು ಸೆಕೆಂಡು, ಇಳಿದು ಬರಲು ಕಾಲು ಸೆಕೆಂಡು, ಪಳಗಿದವರ ಬೀಸು ಹೆಚ್ಚುಕಡಿಮೆ ಈ ತಾಳದಲ್ಲಿರುತ್ತದೆ. ಕೆಳಗಿಳಿಯುವ ಕಾಲು ಸೆಕೆಂಡಿನಲ್ಲಿ ಯೋಚಿಸಿ ಏನನ್ನೂ ತಿದ್ದಲಾಗದು. ತಿದ್ದುವುದಿದ್ದರೆ ನಿಲ್ಲುವ ಭಂಗಿಯಲ್ಲಿ, ಹಿಡಿತದಲ್ಲಿ, ಮೇಲೆ ಹೋಗುವಾಗಿನ ನಿಧಾನದಲ್ಲಿ ತಿದ್ದಬೇಕು.

ಇದನ್ನು ಕಿವಿಯಿಂದ ಕಲಿಯುವ ಒಂದು ಹಳೆಯ ಉಪಾಯವಿದೆ. ಡ್ರೈವರನ್ನು ತಿರುವಿ, ತಲೆಯ ಹತ್ತಿರದ ಕೋಲನ್ನು ಹಿಡಿದು, ಹಗುರವಾದ ಹಿಡಿ ತುದಿಯನ್ನು ಗಾಳಿಯಲ್ಲಿ ಬೀಸುವುದು. ಸುಯ್ ಎಂಬ ಸದ್ದು ಬರುತ್ತದೆ. ಅದು ಎಲ್ಲಿ ಬಂತು ಎಂದು ಕೇಳಬೇಕು. ಬಲ ಭುಜದ ಹತ್ತಿರ ಬಂದರೆ ಅವಸರವಾಯಿತು. ಚೆಂಡಿರುವ ಜಾಗ ದಾಟಿ ಎಡಕ್ಕೆ ಬಂದರೆ ಸರಿ. ಕಣದಲ್ಲಿ ಬರಿಗೋಲು ಬೀಸಿ ಸದ್ದು ಮಾಡುತ್ತ ತಮ್ಮ ಸರದಿಗೆ ಕಾಯುತ್ತಿದ್ದ ಹುಡುಗರು ಯಾರೂ ಹೇಳದೆ ಇದನ್ನೇ ಮಾಡುತ್ತಿದ್ದರು.

ಕಣ್ಣಿನಿಂದ ಕಲಿಯುವುದಕ್ಕೆ ಮುಖಕ್ಕೆ ಹಚ್ಚುವ ಪೌಡರ್ ಸಾಕು. ಕ್ಲಬ್ಬಿನ ಮುಖದ ಮೇಲೆ ತೆಳ್ಳಗೆ ಒರೆಸಿ ಹೊಡೆದರೆ ಚೆಂಡು ತಾಗಿದಲ್ಲಿ ನಾಲ್ಕಾಣೆಯಷ್ಟಗಲದ ಗುರುತು ಬೀಳುತ್ತದೆ. ಹೊಸಬರ ಗುರುತುಗಳು ಮುಖದ ತುಂಬ ಚೆಲ್ಲಾಡಿರುತ್ತವೆ, ಒಂದು ತುದಿಗೆ, ಒಂದು ಬುಡಕ್ಕೆ, ಒಂದು ತೀರಾ ಕೆಳಗೆ. ಬಲ ಕಡಿಮೆ ಮಾಡಿ, ಹಿಡಿತ ಸಡಿಲಿಸಿ ಹತ್ತಾರು ಸಲ ಹೊಡೆದ ಮೇಲೆ ಗುರುತುಗಳು ನಡುವಿಗೆ ಬಂದು ಗುಂಪುಗೂಡುತ್ತವೆ. ನಡುವಿನಲ್ಲಿ ಮೆಲ್ಲಗೆ ಹೊಡೆದ ಚೆಂಡು, ತುದಿಯಲ್ಲಿ ಜೋರಾಗಿ ಹೊಡೆದುದಕ್ಕಿಂತ ಮುಂದೆ ಬಿದ್ದುದನ್ನು ಒಮ್ಮೆ ಕಂಡವನಿಗೆ ಆಮೇಲೆ ಕೋಚ್ ಹೆಚ್ಚು ಮಾತಾಡಬೇಕಾಗುವುದಿಲ್ಲ. ನಡುವಿನ ಹೊಡೆತದ ಸದ್ದೇ ಬೇರೆ, ಕೈಗೆ ಏನೂ ತಾಗಿದಂತೆಯೇ ಆಗುವುದಿಲ್ಲ. ಗಾಲ್ಫ್ ಆಡುವವರು ಮುಂಜಾನೆಯ ನಿದ್ದೆ ಬಿಟ್ಟು ಎದ್ದು ಹೋಗುವುದು ಆ ಒಂದು ಸದ್ದಿಗಾಗಿ.

ಇದು ಸಿರಿವಂತರ ಆಟ ಎನ್ನುವ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆಟವನ್ನು ಕದ್ದು ಕಲಿತಷ್ಟು ಚೆನ್ನಾಗಿ ಕಾಸು ಕೊಟ್ಟು ಕಲಿತವರು ಎಷ್ಟು ಜನ? ಬೆಂಗಳೂರಿನಲ್ಲಿ ಬೇರೆಯವರ ಚೀಲ ಹೊರುವ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ದೆಹಲಿ ಬಳಿ ನಡೆದ ಇಂಡಿಯನ್ ಓಪನ್ ಗೆದ್ದರು, ಅದೂ ಪ್ಲೇಆಫಿನಲ್ಲಿ ಕೊರಿಯಾದ ಆಟಗಾರನನ್ನು ಸೋಲಿಸಿ. ಬಿಡದಿ ಬಳಿಯ ಹಳ್ಳಿಯ ಎಸ್. ಚಿಕ್ಕರಂಗಪ್ಪ ಊರ ಪಕ್ಕದಲ್ಲಿ ತಲೆಯೆತ್ತಿದ ಈಗಲ್ಟನ್ ಗಾಲ್ಫ್ ಮೈದಾನದಲ್ಲಿ ಆಟ ಕಂಡು, ಕೋಚ್ ವಿಜಯ್ ದಿವೇಚಾ ಅವರ ಕೈಯಲ್ಲಿ ಪಳಗಿ ವೃತ್ತಿಪರರಾದರು. ಮೈಸೂರಿನ ಪ್ರಣವಿ ಅರಸ್ ಯುರೋಪಿನ ಮಹಿಳಾ ವೃತ್ತಿಪರ ಪಂದ್ಯಸರಣಿಯಲ್ಲಿ ಆಡುತ್ತಿದ್ದಾರೆ. ಇವರಲ್ಲಿ ಪ್ರತಿಯೊಬ್ಬರಿಗೂ ಬೆಳೆದ ಊರಿನ ಹತ್ತಿರ ಒಂದು ಮೈದಾನವಿತ್ತು. ಬೇಲಿಯ ಸಂದಿನಿಂದಾದರೂ ನೋಡಲು ಸಿಗುತ್ತಿತ್ತು. ಕೊಪ್ಪಳ ಜಿಲ್ಲೆಯ ಮಕ್ಕಳಿಗೆ ಇಲ್ಲದಿರುವುದು ಆ ಬೇಲಿಯ ಸಂದು. ಕಣ್ಣಳತೆ ಇದೆ, ಮಣಿಕಟ್ಟು ಇದೆ, ಬಿಸಿಲಿನಲ್ಲಿ ಹೊತ್ತುಗಟ್ಟಲೆ ನಿಲ್ಲುವ ತಾಳ್ಮೆ ಇದೆ. ಚಿಣಿಫಣಿಯಲ್ಲಿ ಬೇಲಿ ದಾಟಿಸುತ್ತಿದ್ದ ಆ ಕಡ್ಡಿ ಕಾಲಿನ ಹುಡುಗನ ಕೈಗೆ ಯಾರಾದರೂ ಒಮ್ಮೆ ಡ್ರೈವರ್ ಕೊಟ್ಟಿದ್ದರೆ ಏನಾಗುತ್ತಿತ್ತೋ ಅನ್ನುವ ಹಳಹಳಿ ಉಳಿದೇ ಉಳಿಯುತ್ತದೆ. ಈಗ ಚಿಣಿಫಣಿಯೂ ಅಪರೂಪ. ಕಣ್ಣಿಗೆ ಪೆಟ್ಟಾಗುತ್ತದೆಂಬ ಹೆದರಿಕೆ ನ್ಯಾಯವಾದದ್ದೇ, ಅದರ ಜೊತೆಗೆ ಕಣಗಳೂ ಕಡಿಮೆಯಾಗಿವೆ, ಒಕ್ಕಣೆಯನ್ನು ಯಂತ್ರ ಹೊಲದಲ್ಲೇ ಮುಗಿಸುತ್ತದೆ.

ಹದಿನೆಂಟು ಕುಳಿಯ ಮೈದಾನ ಬಾರದಿದ್ದರೂ ಡ್ರೈವರಿನ ಬೀಸು ಕಲಿಯುವುದಕ್ಕೆ ಹತ್ತು ಅಡಿ ಜಾಗ ಸಾಕು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ರಾಶಿಗೆ ಹೊದಿಸುವ ದಪ್ಪ ತಾಡಪತ್ರಿ ಇರುತ್ತದಲ್ಲ, ಅಂಥದೊಂದನ್ನು ಎರಡು ಕಂಬಗಳ ನಡುವೆ ಇಳಿಬಿಡಬೇಕು. ಬಿಗಿಯಾಗಿ ಎಳೆದು ಕಟ್ಟಬಾರದು, ಕಟ್ಟಿದರೆ ಚೆಂಡು ಹೊಡೆದವನ ಮೇಲೇ ತಿರುಗಿ ಬರುತ್ತದೆ. ಸಡಿಲವಾಗಿ ತೂಗಿದರೆ ಚೆಂಡು ತಾಗಿ ಅಲ್ಲೇ ಕೆಳಗೆ ಬೀಳುತ್ತದೆ. ಅದರ ಹಿಂದೆ ಗೋಡೆಯೂ ಇರಬಾರದು, ಮನುಷ್ಯರೂ ನಿಂತಿರಬಾರದು. ಬೆಂಗಳೂರಿನಲ್ಲಿ ಆಡಿ ಬಿಟ್ಟವರ ಮನೆಯಲ್ಲಿ ಹಳೆಯ ಕ್ಲಬ್ಬುಗಳು ಮೂಲೆ ಸೇರಿರುತ್ತವೆ, ಕೇಳಿದರೆ ಕೊಡುತ್ತಾರೆ. ಮಕ್ಕಳಿಗೆ ಉದ್ದ ಹೆಚ್ಚಾದರೆ ಕೋಲನ್ನು ಕೊಯ್ದು ಹೊಸ ಹಿಡಿ ಹಾಕಿಸಬಹುದು. ಮೊದಲ ವಾರ ಗಿಡ್ಡನೆಯ ಕಬ್ಬಿಣದ ಕ್ಲಬ್ಬಿನಿಂದ ಅರ್ಧ ಬೀಸು, ಆಮೇಲೆ ಡ್ರೈವರ್, ಅದೂ ಟೀ ಎತ್ತರಿಸಿ. ತಾಡಪತ್ರಿಯ ನಡುವೆ ಸೀಮೆಸುಣ್ಣದಿಂದ ಒಂದು ನೆಟ್ಟನೆ ಗೆರೆ ಎಳೆದರೆ, ಚೆಂಡು ಅದರ ಯಾವ ಬದಿಗೆ ಬಡಿಯಿತು ಎಂಬುದರಿಂದ ಕ್ಲಬ್ಬಿನ ಮುಖ ಎತ್ತ ನೋಡುತ್ತಿತ್ತು ಎಂದು ತಿಳಿಯುತ್ತದೆ. ಪೌಡರಿನ ಗುರುತು ಎಲ್ಲಿ ತಾಗಿತೆಂದು ಹೇಳುತ್ತದೆ. ಕೊಪ್ಪಳದ ಜಿಲ್ಲಾ ಕ್ರೀಡಾಂಗಣದ ಒಂದು ಮೂಲೆಯಲ್ಲಾಗಲಿ, ಕುಷ್ಟಗಿಯ ಯಾವುದಾದರೂ ಶಾಲೆಯ ಬಯಲಿನಲ್ಲಾಗಲಿ, ಎರಡು ಕಂಬ ನೆಟ್ಟು ಇದನ್ನು ಬರುವ ಬೇಸಿಗೆ ರಜೆಯಲ್ಲೇ ಶುರು ಮಾಡಬಹುದು.